ಚಕ್ರಕ್ಕೂ ಒಂದು ಬುತ್ತಿ: ದೂರದ ಸೈಕಲ್ ಸವಾರಿಯಲ್ಲಿ ಪಂಕ್ಚರಿಗೆ ಪೂರ್ವಸಿದ್ಧತೆ

ಸೂರ್ಯದೇವನ ರಥಕ್ಕೆ ಒಂದೇ ಚಕ್ರವೆಂದು ಪುರಾಣಗಳು ಹೇಳುತ್ತವೆ. ಸಾರಥಿಯಾದ ಅರುಣನಿಗೆ ತೊಡೆಗಳಿಲ್ಲ. ಇಷ್ಟು ಕೊರತೆಗಳಿದ್ದರೂ ಆ ರಥವು ಒಂದು ದಿನವೂ ತಡವಾಗಿ ಬಂದುದಿಲ್ಲ. ಆ ದೇವನಿಗಾಗಿ ಸೋಲಂಕಿ ಅರಸರು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಮೊಢೇರಾದ ಗುಡಿ ಅಹಮದಾಬಾದಿನಿಂದ ಸುಮಾರು 100 ಕಿ.ಮೀ. ದೂರದಲ್ಲಿದೆ. ಸೈಕಲ್ ತುಳಿದುಕೊಂಡು ಅಲ್ಲಿಗೆ ಹೊರಡುವ ಮಾನವ ಸವಾರನಿಗೆ ಮಾತ್ರ ಸೂರ್ಯನ ಭಾಗ್ಯವಿಲ್ಲ. ಅವನನ್ನು ಹೊತ್ತಿರುವುದು ರಬ್ಬರಿನ ಕೊಳವೆಯೊಳಗೆ ಕೂಡಿಟ್ಟ ಗಾಳಿ. ಆ ಗಾಳಿಯನ್ನು ಹೊರಗೆಡಹಲು ಅರ್ಧ ಅಂಗುಲದ ಒಂದು ಮುಳ್ಳು ಸಾಕು.

ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನಡುವಯಸ್ಸಿನವರಿಗೆ ವೈದ್ಯರು ಮೊದಲು ಹೇಳುವ ಮಾತು ವ್ಯಾಯಾಮದ್ದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮವು ಅವಶ್ಯಕ. ಮಂಡಿಗಳಿಗೆ ಹೆಚ್ಚು ಭಾರ ಕೊಡದೆ ಈ ಲೆಕ್ಕವನ್ನು ತುಂಬಿಸುವ ಸಾಧನಗಳಲ್ಲಿ ಸೈಕಲ್ ಮುಖ್ಯವಾದುದು. ಅದರ ಗುಣಗಾನ ಮಾಡುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ಉತ್ಸಾಹದಿಂದ ಕೊಂಡ ಸೈಕಲ್ಲು ಕೆಲವೇ ತಿಂಗಳಲ್ಲಿ ಬಾಲ್ಕನಿಯ ಮೂಲೆ ಸೇರುವುದೇಕೆ ಎಂಬುದನ್ನು ವಿಚಾರಿಸುವವರು ಕಡಮೆ.

ಒಂದು ಭಾನುವಾರದ ಕಥೆ

ಧಾರವಾಡದಿಂದ ಬಂದು ವಡೋದರಾದಲ್ಲಿ ನೆಲೆಸಿದ, ಐವತ್ತರ ಅಂಚಿನಲ್ಲಿರುವ ಒಬ್ಬ ಸವಾರನನ್ನು ಕಲ್ಪಿಸಿಕೊಳ್ಳೋಣ. ರಕ್ತದಲ್ಲಿ ಸಕ್ಕರೆಯ ಅಂಶ ಮೇಲೇರಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ಅವನು ಸೈಕಲ್ ಹಿಡಿದಿದ್ದಾನೆ. ಆರು ತಿಂಗಳಲ್ಲಿ ತೂಕ ಇಳಿದಿದೆ, ಸಕ್ಕರೆಯೂ ಇಳಿದಿದೆ. ಧೈರ್ಯ ಬಂದು, ಏಪ್ರಿಲ್ ತಿಂಗಳ ಒಂದು ಭಾನುವಾರ ನಸುಕಿನಲ್ಲಿ ನರ್ಮದೆಯ ದರ್ಶನಕ್ಕೆಂದು ಭರೂಚಿನವರೆಗೆ ಹೋಗುತ್ತಾನೆ. ಹಿಂದಿರುಗುವಾಗ ಕರ್ಜನ್ ಸಮೀಪ ನಡುಹಗಲಲ್ಲಿ ಹಿಂದಿನ ಚಕ್ರ ನೆಲಕ್ಕೆ ಅಂಟುತ್ತದೆ. ಪಂಪು ಮನೆಯಲ್ಲಿದೆ. ಬಾಟಲಿಯಲ್ಲಿ ನೀರು ಮುಗಿದಿದೆ. ಪಂಕ್ಚರ್ ಅಂಗಡಿ ಮುಂದೆಲ್ಲೋ ಇದ್ದೀತೆಂದು ಅವನು ಬಿಸಿಲಿನಲ್ಲಿ ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳುತ್ತಾನೆ. ತಲೆ ಸುತ್ತಿದಾಗ ಮನೆಗೆ ಫೋನು ಮಾಡುತ್ತಾನೆ. ಗಾಬರಿಯಿಂದ ಬಂದ ಹೆಂಡತಿ, "ಇನ್ನ ಈ ಹುಡುಗಾಟಿಕೆ ಸಾಕ್ರೀ" ಎನ್ನುತ್ತಾಳೆ. ಮರುವಾರದಿಂದ ಆ ಸೈಕಲ್ಲಿನ ಮೇಲೆ ಒದ್ದೆ ಟವೆಲುಗಳು ಒಣಗತೊಡಗುತ್ತವೆ. ವರ್ಷ ತುಂಬುವಷ್ಟರಲ್ಲಿ ಸಕ್ಕರೆ ಮತ್ತೆ ಹಳೆಯ ಅಂಕಿಗೆ ಏರುತ್ತದೆ.

ಇಲ್ಲಿ ಅವನ ಆರೋಗ್ಯವನ್ನು ಕಸಿದುಕೊಂಡದ್ದು ಮುಳ್ಳಲ್ಲ. ಮುಳ್ಳಿಗೆ ಸಿದ್ಧತೆ ಇಲ್ಲದಿದ್ದುದು. ಪಂಕ್ಚರ್ ಎಂಬುದು ಆಕಸ್ಮಿಕವೆಂದು ಭಾವಿಸುವುದೇ ಮೊದಲ ತಪ್ಪು. ಯಾವ ದಿನವೆಂದು ತಿಳಿಯದಿದ್ದರೂ ಬಂದೇ ಬರುವ ಖರ್ಚು ಅದು. ಇಂತಹ ಖರ್ಚಿಗೆ ಜಾಣ ವ್ಯಾಪಾರಿಯು ಲಾಭವನ್ನು ಎಣಿಸುವ ಮುನ್ನವೇ ಒಂದಿಷ್ಟು ಹಣವನ್ನು ಬದಿಗಿರಿಸುತ್ತಾನೆ. ಸವಾರನೂ ಹಾಗೆಯೇ ಸಮಯವನ್ನು, ಸಲಕರಣೆಯನ್ನು, ನೀರನ್ನು ಬದಿಗಿರಿಸಬೇಕು.

ಗಾಳಿಚಕ್ರದ ಜೊತೆಗೇ ಹುಟ್ಟಿದ ತೊಡಕು

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಇಂತಹುದೇ ಟೈರನ್ನು ರೂಪಿಸಿ 1888ರಲ್ಲಿ ಪೇಟೆಂಟ್ ಪಡೆದರು. ಸವಾರಿ ಮೃದುವಾಯಿತು, ಆದರೆ ಪಂಕ್ಚರೂ ಜೊತೆಗೆ ಬಂದಿತು. ಆ ಕಾಲದ ಟೈರನ್ನು ರಿಮ್ಮಿಗೆ ಅಂಟಿಸಲಾಗುತ್ತಿದ್ದುದರಿಂದ ಅದನ್ನು ಬಿಚ್ಚಿ ಸರಿಪಡಿಸಲು ಗಂಟೆಗಟ್ಟಲೆ ಹಿಡಿಯುತ್ತಿತ್ತು, ಅಂಟು ಒಣಗಲು ಒಂದು ರಾತ್ರಿಯೇ ಬೇಕಾಗುತ್ತಿತ್ತು.

ಫ್ರಾನ್ಸಿನ ಮಿಶೆಲಿನ್ ಸೋದರರು ಸುಲಭವಾಗಿ ಕಳಚಬಹುದಾದ ಟೈರನ್ನು ತಯಾರಿಸಿದುದು ಈ ತೊಂದರೆಯನ್ನು ಕಂಡೇ. 1891ರಲ್ಲಿ ನಡೆದ ಸುಮಾರು 1,200 ಕಿ.ಮೀ. ಉದ್ದದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯನ್ನು ಶಾರ್ಲ್ ತೆರೋಂ ಇಂತಹ ಟೈರುಗಳ ಮೇಲೆಯೇ ಗೆದ್ದರು. ಮರುವರ್ಷ ಪ್ಯಾರಿಸಿನಿಂದ ಕ್ಲೆರ್ಮೋಂ-ಫೆರಾಂಗೆ ಏರ್ಪಡಿಸಿದ ಸ್ಪರ್ಧೆಯಲ್ಲಿ ದಾರಿಯಲ್ಲಿ ಮೊಳೆಗಳನ್ನೇ ಚೆಲ್ಲಿಸಿ, ತಮ್ಮ ಟೈರನ್ನು ಎಷ್ಟು ಬೇಗ ಸರಿಪಡಿಸಬಹುದೆಂದು ಅವರು ಜನಕ್ಕೆ ತೋರಿಸಿಕೊಟ್ಟರು. ಪಂಕ್ಚರೇ ಆಗದ ಚಕ್ರವನ್ನು ಅವರು ಮಾರಲಿಲ್ಲ. ಪಂಕ್ಚರಾದ ಮೇಲೆಯೂ ಮುಂದೆ ಸಾಗುವ ಚಕ್ರವನ್ನು ಮಾರಿದರು.

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನವಿದೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರಸಿ ಯುವಕರು ಸೈಕಲ್ಲಿನ ಮೇಲೆ ಲೋಕಸಂಚಾರಕ್ಕೆ ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಸೋಲಾ ಮತ್ತು ರುಸ್ತುಂ ಭುಂಗಾರಾ ಸುಮಾರು 71,000 ಕಿ.ಮೀ. ಕ್ರಮಿಸಿ 1928ರ ಮಾರ್ಚಿನಲ್ಲಿ ಊರಿಗೆ ಮರಳಿದರು. ಮರುಭೂಮಿಗಳಲ್ಲಿ ಅವರಿಗೆ ಯಾವ ಅಂಗಡಿ ಕಾದಿದ್ದೀತು? ತಮ್ಮ ಚಕ್ರಕ್ಕೆ ತಾವೇ ವೈದ್ಯರಾಗುವುದು ಅವರಿಗೆ ಅನಿವಾರ್ಯವಾಗಿತ್ತು.

ಗುಜರಾತಿನ ಹಾದಿಯ ಶತ್ರುಗಳು

ಶತ್ರುವಿನ ಪರಿಚಯವಿಲ್ಲದೆ ಸಿದ್ಧತೆ ಸಾಧ್ಯವಿಲ್ಲ. ಈ ಸೀಮೆಯಲ್ಲಿ ಮೊದಲನೆಯದು ಮುಳ್ಳು. ಗುಜರಾತಿಗಳು 'ಗಾಂಡೋ ಬಾವಳ', ಅಂದರೆ ಹುಚ್ಚು ಜಾಲಿ ಎಂದು ಕರೆಯುವ ಗಿಡವು ಕನ್ನಡಿಗರಿಗೆ ಅಪರಿಚಿತವಲ್ಲ; ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯೇ ಅದು. ರಸ್ತೆಯ ಅಂಚಿನ ಪೊದೆಗಳನ್ನು ಕಡಿದ ಮರುದಿನಗಳಲ್ಲಿ ಇದರ ಒಣಮುಳ್ಳುಗಳು ಡಾಂಬರಿನ ಮೇಲೆ ಹರಡಿರುತ್ತವೆ. ಇದರ ಜೊತೆಗೆ ನೆಲಕ್ಕಂಟಿ ಬೆಳೆಯುವ ನೆಗ್ಗಿಲು ಇದೆ. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಸೈಕಲ್ಲನ್ನು ರಸ್ತೆಯಿಂದ ಮಣ್ಣಿಗಿಳಿಸಿ ತಳ್ಳುವಾಗ ಟೈರಿಗೆ ಇವು ಅಂಟಿಕೊಳ್ಳುತ್ತವೆ.

ಎರಡನೆಯದು ತಂತಿ. ಹೆದ್ದಾರಿಯಲ್ಲಿ ಲಾರಿಗಳ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ಚೂರುಚೂರಾಗಿ ರಸ್ತೆಯ ಬದಿಗೆ ಸೇರುತ್ತವೆ. ಕೂದಲಿಗಿಂತ ತುಸುವೇ ದಪ್ಪನಾದ ಈ ಎಳೆ ಕಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಗಾಜು ಮತ್ತು ತಂತಿಗಳ ಕಾಟ ಹೆಚ್ಚುತ್ತದೆ. ಒದ್ದೆಯಾದ ರಬ್ಬರನ್ನು ಅವು ಸುಲಭವಾಗಿ ಕೊಯ್ಯಬಲ್ಲವು.

ಮೂರನೆಯ ಶತ್ರು ಸವಾರನ ಅಲಕ್ಷ್ಯ. ಗಾಳಿ ಕಡಮೆಯಿರುವ ಟೈರು ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಲುಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತುಗಳಾಗುತ್ತವೆ. ಹಾಗೆಂದು ಮಿತಿಮೀರಿ ಗಾಳಿ ತುಂಬುವುದೂ ಸಲ್ಲದು. ನಸುಕಿನ 20 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 70 ಪೌಂಡು ಒತ್ತಡ ತುಂಬಿದ ಟೈರು, ಒಳಗಿನ ಗಾಳಿ 50 ಡಿಗ್ರಿಗೆ ಕಾದಾಗ ಸುಮಾರು 79 ಪೌಂಡು ತೋರಿಸುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಗರಿಷ್ಠ ಮಿತಿಗಿಂತ ಹತ್ತರಲ್ಲಿ ಒಂದು ಪಾಲು ಕಡಮೆ ತುಂಬಿಸಿ ಹೊರಡುವುದು ಈ ಸೀಮೆಯ ಬೇಸಗೆಗೆ ಯೋಗ್ಯವಾದ ಕ್ರಮ.

ಚೀಲದಲ್ಲಿ ಇರಬೇಕಾದುದು

ಹಿಂದೆ ಪ್ರಯಾಣ ಹೊರಟವರು ರೊಟ್ಟಿ-ಚಟ್ನಿಯ ಬುತ್ತಿಯನ್ನು ಮರೆಯುತ್ತಿರಲಿಲ್ಲ. ಚಕ್ರಕ್ಕೂ ಅಂತಹುದೊಂದು ಬುತ್ತಿ ಬೇಕು. ಸೀಟಿನ ಕೆಳಗಿನ ಸಣ್ಣ ಚೀಲದಲ್ಲಿ ಅದು ಅಡಕವಾಗುತ್ತದೆ.

1. ಚಕ್ರದ ಅಳತೆಗೆ ಹೊಂದುವ ಎರಡು ಹೊಸ ಟ್ಯೂಬುಗಳು. ಇವನ್ನು ಬಟ್ಟೆಯಲ್ಲಿ ಸುತ್ತಿಡಬೇಕು. ಇಲ್ಲವಾದರೆ ಉಪಕರಣಗಳಿಗೆ ಉಜ್ಜಿ ಚೀಲದಲ್ಲಿಯೇ ತೂತಾಗುವುದುಂಟು.
2. ಪ್ಯಾಚುಗಳು, ಉಪ್ಪು ಕಾಗದ ಮತ್ತು ಸಲ್ಯೂಷನ್. ಒಮ್ಮೆ ಬಾಯಿ ತೆರೆದ ಸಲ್ಯೂಷನ್ ಕೊಳವೆ ಬಿಸಿಲಿಗೆ ಒಳಗೇ ಒಣಗಿಬಿಡುತ್ತದೆ. ಪ್ರತಿ ದೂರದ ಸವಾರಿಗೂ ಮುನ್ನ ಅದನ್ನು ಒತ್ತಿ ಪರೀಕ್ಷಿಸಬೇಕು.
3. ಎರಡು ಅಥವಾ ಮೂರು ಟೈರ್ ಲಿವರುಗಳು. ಚಕ್ರ ಬಿಚ್ಚಲು ತಕ್ಕ ಸ್ಪಾನರ್ ಅಥವಾ ಅಲೆನ್ ಕೀ.
4. ಕೈಪಂಪು.
5. ಹಳೆಯ ಟೈರಿನಿಂದ ಕತ್ತರಿಸಿದ ಎರಡು ಅಂಗುಲದ ತುಂಡು. ಟೈರೇ ಸೀಳಿದಾಗ ಒಳಗಿನಿಂದ ಇದನ್ನು ಒತ್ತುಕೊಟ್ಟರೆ ಟ್ಯೂಬು ಹೊರಗೆ ಉಬ್ಬುವುದಿಲ್ಲ. ಇದಕ್ಕೆ ನೋಟನ್ನು ಮಡಿಸಿ ಇಡುವ ಸವಾರರೂ ಇದ್ದಾರೆ. ಆದರೆ ನೋಟಿನ ಗತಿಯನ್ನು ಆಮೇಲೆ ಬ್ಯಾಂಕಿನ ಕೌಂಟರಿನಲ್ಲಿ ವಿವರಿಸುವುದು ಕಷ್ಟ. ರಬ್ಬರಿನ ತುಂಡೇ ಮೇಲು.
6. ಹಿತ್ತಾಳೆಯ ವಾಲ್ವ್ ಅಡಾಪ್ಟರ್.

ಕೊನೆಯದರ ಬಗ್ಗೆ ಎರಡು ಮಾತು ಅವಶ್ಯ. ಈಗಿನ ದುಬಾರಿ ಸೈಕಲ್ಲುಗಳಲ್ಲಿ ಹಲವಕ್ಕೆ 'ಪ್ರೆಸ್ಟಾ' ಎಂಬ ತೆಳುವಾದ ವಾಲ್ವ್ ಇರುತ್ತದೆ. ಹೆದ್ದಾರಿಯ ಪಂಕ್ಚರ್ ಅಂಗಡಿಯವನ ಗಾಳಿಯಂತ್ರದ ಮೂತಿ ಸ್ಕೂಟರು, ಕಾರುಗಳ ದಪ್ಪ ವಾಲ್ವಿಗೆ ಮಾಡಿದುದು. ಹೀಗಾಗಿ ಅಂಗಡಿ ಎದುರಿಗಿದ್ದರೂ ಗಾಳಿ ದೊರೆಯದ ಪೇಚು ಒದಗುತ್ತದೆ. ಬೆರಳಿನ ತುದಿಯಷ್ಟಿರುವ ಅಡಾಪ್ಟರು ಆ ಎರಡು ಲೋಕಗಳನ್ನು ಕೂಡಿಸುತ್ತದೆ. ಟ್ಯೂಬಿಲ್ಲದ ಟೈರುಗಳನ್ನು ಬಳಸುವವರೂ ನಿಶ್ಚಿಂತರಾಗಕೂಡದು. ತೂತು ಮುಚ್ಚುವ ದ್ರವವು ಕೆಲವೇ ತಿಂಗಳಲ್ಲಿ ಒಣಗುತ್ತದೆ, ಸೆಖೆಯಲ್ಲಿ ಇನ್ನೂ ಬೇಗ.

ಮನೆಯಲ್ಲಿ ಅಭ್ಯಾಸ

ಬಾಯಾರಿದಾಗ ಬಾವಿ ತೋಡುವವನ ಪಾಡು, ರಸ್ತೆಬದಿಯಲ್ಲಿ ಮೊದಲ ಬಾರಿಗೆ ಟೈರು ಬಿಚ್ಚುವವನ ಪಾಡು ಒಂದೇ. ಗಂಟೆಯ ಬಾಡಿಗೆಗೆ ಸೈಕಲ್ ತಂದು ಕಲಿತ ತಲೆಮಾರಿನವರಿಗೆ ಊರಿನ ಸೈಕಲ್ ಶಾಪು ನೆನಪಿರಬಹುದು. ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸುತ್ತಿದ್ದ, ಗುಳ್ಳೆಗಳು ಎದ್ದೊಡನೆ ಆ ಜಾಗಕ್ಕೆ ಬೆರಳಿಡುತ್ತಿದ್ದ. ಅದೇ ವಿದ್ಯೆಯನ್ನು ಮನೆಯಂಗಳದಲ್ಲಿ ನಾಲ್ಕು ಬಾರಿ ಮಾಡಿದರೆ ಕೈಗೆ ಪಾಠವಾಗುತ್ತದೆ. ಹೆಣ್ಣುಮಕ್ಕಳೂ ಮಕ್ಕಳೂ ಕಲಿಯಬಹುದಾದ ಕೆಲಸವಿದು. ಬಲಕ್ಕಿಂತ ಕ್ರಮವೇ ಇಲ್ಲಿ ಮುಖ್ಯ.

ಟ್ಯೂಬನ್ನು ಹೊರತೆಗೆದು ತುಸು ಗಾಳಿ ತುಂಬಿ, ಕೆನ್ನೆಯ ಬಳಿ ಹಿಡಿದರೆ ತೂತಿನ ಜಾಗ ತಿಳಿಯುತ್ತದೆ. ಅಲ್ಲಿ ಉಪ್ಪು ಕಾಗದದಿಂದ ಉಜ್ಜಿ, ಸಲ್ಯೂಷನ್ನನ್ನು ತೆಳುವಾಗಿ ಸವರಿ, ಅದು ಒಣಗುವ ತನಕ ಸುಮಾರು ಐದು ನಿಮಿಷ ಕಾಯಬೇಕು. ಅವಸರದಲ್ಲಿ ಒದ್ದೆಯ ಮೇಲೆಯೇ ಅಂಟಿಸಿದ ಪ್ಯಾಚು ನಿಲ್ಲುವುದಿಲ್ಲ. ಸಲ್ಯೂಷನ್ ಬೇಗ ಹೊತ್ತಿಕೊಳ್ಳುವ ವಸ್ತುವಾದುದರಿಂದ ಹತ್ತಿರ ಬೀಡಿ, ಸಿಗರೇಟು ಕೂಡದು.

ಆ ಐದು ನಿಮಿಷಗಳಲ್ಲಿ ಮಾಡಬೇಕಾದ ಕೆಲಸವೊಂದಿದೆ. ಮುಳ್ಳು ಇನ್ನೂ ಟೈರಿನಲ್ಲಿಯೇ ಇರುತ್ತದೆ. ಅದನ್ನು ಹುಡುಕದೆ ಹೊಸ ಟ್ಯೂಬು ಹಾಕಿದವನು ಒಂದು ಕಿಲೋಮೀಟರಿನಲ್ಲಿ ಮತ್ತೆ ನಿಲ್ಲುತ್ತಾನೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸುತ್ತಾ ಹೋದರೆ ತಂತಿಯೂ ಮುಳ್ಳೂ ನೂಲಿಗೆ ಸಿಕ್ಕಿ ತೋರುತ್ತವೆ. ಬರಿಬೆರಳು ಹಾಕಿದರೆ ಗಾಯವಾಗುತ್ತದೆ. ಟೈರಿನ ಹೆಸರಿನ ಅಚ್ಚು ಸದಾ ವಾಲ್ವಿನ ನೇರಕ್ಕೆ ಬರುವಂತೆ ಕೂಡಿಸುವ ರೂಢಿಯಿದ್ದರೆ, ಟ್ಯೂಬಿನ ತೂತನ್ನು ನೋಡಿಯೇ ಟೈರಿನಲ್ಲಿ ಮುಳ್ಳು ಎಲ್ಲಿದೆಯೆಂದು ಹೇಳಬಹುದು.

ಮೊದಲು ದೇಹ, ಆಮೇಲೆ ಚಕ್ರ

2016ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 48 ಡಿಗ್ರಿ ಮುಟ್ಟಿತ್ತು. 2010ರ ಬಿಸಿಲಿನ ದುರಂತದ ಅನುಭವದಿಂದ ಆ ನಗರವು 2013ರಲ್ಲಿ ಬಿಸಿಗಾಳಿಯನ್ನು ಎದುರಿಸುವ ಕಾರ್ಯಯೋಜನೆಯನ್ನು ಜಾರಿಗೆ ತಂದು ಇತರ ನಗರಗಳಿಗೆ ಮಾದರಿಯಾಯಿತು. ಇಂತಹ ಸೀಮೆಯಲ್ಲಿ ಚಕ್ರ ನಿಂತಾಗ ಸವಾರನಿಗೆ ಅದುವರೆಗೆ ಬೀಸುತ್ತಿದ್ದ ಗಾಳಿಯೂ ನಿಲ್ಲುತ್ತದೆ. ಬೆವರು ಆರುವುದು ಕಡಮೆಯಾಗಿ ಮೈಯ ಕಾವು ಏರುತ್ತದೆ. ಆದುದರಿಂದ ಟೈರಿಗೆ ಕೈಹಾಕುವ ಮುನ್ನ ರಸ್ತೆಯಿಂದ ದೂರ ಸರಿದು ನೆರಳು ಸೇರಬೇಕು, ನೀರು ಕುಡಿಯಬೇಕು. ಪಂಕ್ಚರಿಗೆಂದೇ ಒಂದು ಬಾಟಲಿ ನೀರನ್ನೂ ಒಂದು ಓ.ಆರ್.ಎಸ್. ಪೊಟ್ಟಣವನ್ನೂ ಮುಟ್ಟದೆ ಇಟ್ಟುಕೊಂಡಿರಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಸಕ್ಕರೆ ಏಕಾಏಕಿ ಇಳಿದರೆ ಬೇಕಾಗುವ ಸಿಹಿಯನ್ನೂ ಇಟ್ಟುಕೊಳ್ಳಬೇಕು.

ತಲೆಸುತ್ತು, ವಾಕರಿಕೆ, ಸ್ನಾಯುಗಳ ಸೆಳೆತ ಕಂಡರೆ ಆ ದಿನದ ಸವಾರಿ ಮುಗಿಯಿತೆಂದೇ ತಿಳಿಯಬೇಕು. ಮಾತು ತೊದಲಿ, ಮನಸ್ಸು ಗೊಂದಲಕ್ಕೀಡಾಗಿ, ಮೈ ಸುಡುತ್ತಿದ್ದರೆ ಅದು ಪ್ರಾಣಾಪಾಯದ ಸ್ಥಿತಿ. ತಕ್ಷಣ ಮೈಗೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ತುಕ್ಕು ತಂತಿಯಿಂದ ಗಾಯವಾಗಿದ್ದಲ್ಲಿ ಅದನ್ನು ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳುವುದು ಕ್ಷೇಮ.

ದಾರಿಯ ಆಯ್ಕೆಯೂ ಸಿದ್ಧತೆಯ ಅಂಗವೇ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ನಡಿಯಾದ್, ಆಣಂದ್ ಮಾರ್ಗದ ಹಳೆಯ ಹೆದ್ದಾರಿಯಲ್ಲಿ ಊರುಗಳು ಹತ್ತಿರ ಹತ್ತಿರ ಇರುವುದರಿಂದ ನೆರಳು, ಚಹಾ, ಗಾಳಿ ಮೂರೂ ದೊರೆಯುತ್ತವೆ.

ಸಮಯದ ಜಮಾ-ಖರ್ಚು

ದೂರದ ಸವಾರಿಗಳಲ್ಲಿ 'ಬ್ರೆವೆ' ಎಂಬ ಪದ್ಧತಿ ಈ ಮೂರು ನಗರಗಳ ಸವಾರರಿಗೂ ಪರಿಚಿತವಾಗಿದೆ. ಇದು ಸ್ಪರ್ಧೆಯಲ್ಲ, ಗೊತ್ತಾದ ಅವಧಿಯೊಳಗೆ ದೂರವನ್ನು ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ತಪಾಸಣೆಯ ಕೇಂದ್ರಗಳ ನಡುವೆ ಸವಾರನ ಹಿಂದೆ ಸಹಾಯದ ವಾಹನ ಬರುವಂತಿಲ್ಲ. ಚಕ್ರ ಕೆಟ್ಟರೆ ಅವನೇ ಸರಿಪಡಿಸಿಕೊಳ್ಳಬೇಕು.

ಗಂಟೆಗೆ 18 ಕಿ.ಮೀ. ವೇಗದವನು 200 ಕಿ.ಮೀ. ತುಳಿಯಲು 11 ಗಂಟೆ 7 ನಿಮಿಷ ಬೇಕು. ಉಳಿಯುವುದು 2 ಗಂಟೆ 23 ನಿಮಿಷ. ಅದರಲ್ಲಿ ತಲಾ ಇಪ್ಪತ್ತು ನಿಮಿಷದ ಎರಡು ಪಂಕ್ಚರಿಗೆ ನಲವತ್ತು ನಿಮಿಷವನ್ನು ಮೊದಲೇ ಖರ್ಚು ಬರೆದಿಟ್ಟರೆ, ಊಟ-ವಿಶ್ರಾಂತಿಗೆ 1 ಗಂಟೆ 43 ನಿಮಿಷ ಉಳಿಯುತ್ತದೆ. ಪಂಕ್ಚರ್ ಆಗದಿದ್ದರೆ ಅದು ಲಾಭ, ಆದರೆ ನಷ್ಟವಲ್ಲ. ಹೀಗೆ ಬರೆದಿಡದವನು ಪಂಕ್ಚರಾದೊಡನೆ ಕಳೆದ ಸಮಯವನ್ನು ಹಿಂಪಡೆಯಲು ಊಟ ಬಿಡುತ್ತಾನೆ, ನೀರು ಬಿಡುತ್ತಾನೆ, ಕತ್ತಲಲ್ಲಿ ಲಾರಿಗಳ ನಡುವೆ ನುಗ್ಗುತ್ತಾನೆ. ಅನರ್ಥಗಳಿಗೆ ಮೂಲ ಈ ಅವಸರ.

ಏಕಚಕ್ರದ ಪಾಠ

ಈ ಶಿಸ್ತಿನ ತುತ್ತತುದಿಯನ್ನು ನೋಡಬೇಕಾದರೆ ಸರ್ಕಸ್ಸಿನಲ್ಲಿ ಕಾಣುವ ಒಂದೇ ಚಕ್ರದ ಸೈಕಲ್ಲನ್ನು ನೋಡಬೇಕು. ಅದರ ಮೇಲೆಯೂ ದೂರ ಸಂಚಾರ ಮಾಡುವವರಿದ್ದಾರೆ. ಇಂಗ್ಲೆಂಡಿನ ತರುಣ ಎಡ್ ಪ್ರಾಟ್ 2015ರಲ್ಲಿ ಹೊರಟು 2018ರಲ್ಲಿ ಹಿಂದಿರುಗುವವರೆಗೆ 36 ಅಂಗುಲ ವ್ಯಾಸದ ಒಂದೇ ಚಕ್ರದ ಮೇಲೆ ಲೋಕವನ್ನು ಸುತ್ತಿದರು. ಆ ಚಕ್ರವು ಪೆಡಲಿನ ಒಂದು ಸುತ್ತಿಗೆ ಸುಮಾರು 2.87 ಮೀಟರು ಮಾತ್ರ ಉರುಳುತ್ತದೆ. ಕಿಲೋಮೀಟರಿಗೆ 348 ಸುತ್ತು. ಇಳಿಜಾರಿನಲ್ಲಿಯೂ ಕಾಲಿಗೆ ಬಿಡುವಿಲ್ಲ.

ಏಕಚಕ್ರದ ಸವಾರನ ಪೂರ್ತಿ ಭಾರ ಒಂದೇ ಟೈರಿನ ಮೇಲೆ. ಅದರ ಗಾಳಿ ಇಳಿಯಿತೆಂದರೆ ಸಮತೋಲವೂ ಹೋಗುತ್ತದೆ. ಆದುದರಿಂದ ಹೆಲ್ಮೆಟ್ಟಿನ ಜೊತೆಗೆ ಮಣಿಕಟ್ಟಿಗೂ ಮಂಡಿಗೂ ಕವಚ ಬೇಕು. ಆ ಅಳತೆಯ ಟ್ಯೂಬು ರಸ್ತೆಬದಿಯ ಅಂಗಡಿಗಳಲ್ಲಿ ದೊರೆಯದು, ಹೊತ್ತುಕೊಂಡೇ ಹೋಗಬೇಕು. ಚಕ್ರವನ್ನು ಬಿಚ್ಚದೆಯೇ ಟ್ಯೂಬನ್ನು ಪಕ್ಕಕ್ಕೆಳೆದು ಪ್ಯಾಚು ಹಾಕಬಹುದು, ಆದರೆ ಟ್ಯೂಬನ್ನೇ ಬದಲಿಸಬೇಕಾದರೆ ಬೇರಿಂಗಿನ ಹಿಡಿಕೆಗಳ ಬೋಲ್ಟು ಬಿಚ್ಚಬೇಕು. ಮರುಜೋಡಿಸುವಾಗ ಎಡ-ಬಲ ಅದಲುಬದಲಾದರೆ ಪೆಡಲುಗಳು ತಾವಾಗಿಯೇ ಸಡಿಲುಗೊಳ್ಳುತ್ತವೆ. ಎರಡು ಚಕ್ರದವನಿಗೆ ಅನುಕೂಲವೆನಿಸುವ ಸಿದ್ಧತೆ ಒಂದು ಚಕ್ರದವನಿಗೆ ಪ್ರಾಣಾಧಾರ.

ಮತ್ತೆ ಕರ್ಜನ್ ಬಳಿ

ಊರು ಬಿಟ್ಟು ಬಂದ ಕನ್ನಡಿಗನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆದರೆ ಓಡಿಬರುವ ಸೋದರಮಾವ, ಚಿಕ್ಕಪ್ಪಂದಿರು ಇಲ್ಲದ ಊರಿನಲ್ಲಿ ಸಂಸಾರ ಹೂಡಿದವನು ಬಹಳಷ್ಟನ್ನು ತಾನೇ ಹೊತ್ತು ತರುವುದನ್ನು ಮೊದಲ ವರ್ಷವೇ ಕಲಿತಿರುತ್ತಾನೆ. ಹಾಗೆಯೇ ಕಷ್ಟದಲ್ಲಿ ನೆರೆಯ ಗುಜರಾತಿಯನ್ನು ಸಂಕೋಚವಿಲ್ಲದೆ ಕೇಳುವುದನ್ನೂ ಕಲಿತಿರುತ್ತಾನೆ. ಚೀಲದಲ್ಲಿ ಬುತ್ತಿಯಿದ್ದರೂ ರಸ್ತೆಬದಿಯ ಪಂಕ್ಚರ್ ಅಂಗಡಿಯವನ ಕೈ ನಮ್ಮ ಕೈಗಿಂತ ನುರಿತದ್ದೆಂಬುದನ್ನು ಮರೆಯಬಾರದು.

ನಮ್ಮ ಕಲ್ಪನೆಯ ಸವಾರನನ್ನು ಮತ್ತೊಮ್ಮೆ ಅದೇ ಭಾನುವಾರ ಅದೇ ಜಾಗದಲ್ಲಿ ನಿಲ್ಲಿಸೋಣ. ಈ ಬಾರಿ ಅವನು ಬೇಗ ಹೊರಟಿದ್ದಾನೆ. ಒಂಬತ್ತೂವರೆಗೆಲ್ಲ ಮರಳಿ ಕರ್ಜನ್ ಸಮೀಪಿಸಿದ್ದಾನೆ. ಹಿಂದಿನ ಚಕ್ರ ಇಳಿಯುತ್ತದೆ. ಬೇವಿನ ಮರದ ನೆರಳಿಗೆ ಸರಿದು ನೀರು ಕುಡಿಯುತ್ತಾನೆ. ಟೈರಿನ ಒಳಮೈಯಿಂದ ಮುರಿದ ಮುಳ್ಳೊಂದನ್ನು ಕೀಳುತ್ತಾನೆ, ಹೊಸ ಟ್ಯೂಬು ಕೂಡಿಸುತ್ತಾನೆ, ಪಂಪು ಹೊಡೆಯುತ್ತಾನೆ. ಇಪ್ಪತ್ತೆರಡು ನಿಮಿಷ. ಮನೆಗೆ ಫೋನು ಮಾಡಿ, ಊಟಕ್ಕೆ ಅರ್ಧ ಗಂಟೆ ತಡವಾಗುತ್ತದೆಯೆಂದು ಮಾತ್ರ ತಿಳಿಸುತ್ತಾನೆ. ಮರುವಾರ ಆ ಸೈಕಲ್ಲಿನ ಮೇಲೆ ಟವೆಲು ಒಣಗುವುದಿಲ್ಲ.